ಹೈಲಿ ಎಂಬ ಪದ

ಬಟ್ಟೆ ಹೊಲಿದು ಮನೆ ನಡೆಸುತ್ತಿದ್ದ ಅವಳು ಸಂಜೆಯ ಇಂಗ್ಲಿಷ್ ಕ್ಲಾಸಿಗೆ ಆಸ್ಪತ್ರೆಯ ಕಾಗದವನ್ನೂ ಒಯ್ದಳು. ಡ್ರೈವರ್ ಗಂಡನಿಗೆ ಮತ್ತೆ ಕಣ್ಣು ಕಾಣುವುದು 'ಹೈಲಿ ಅನ್‌ಲೈಕ್ಲಿ' ಎಂದು ಅದರಲ್ಲಿತ್ತು. ಎರಡನೆಯ ಪದ ಅವಳಿಗೆ ಗೊತ್ತಿರಲಿಲ್ಲ. ಆದರೆ ಮೊನ್ನೆ ತಾನೇ 'ಹೈಲಿ ಸ್ಕಿಲ್ಡ್', 'ಹೈಲಿ ಯೂಸ್‌ಫುಲ್' ಕಲಿತಿದ್ದಳು. ಹೈಲಿ ಇದ್ದ ಮೇಲೆ ಒಳ್ಳೆಯದೇ ಇರಬೇಕೆಂದು ಹೋದ ಜೀವ ಬಂದಂತಾಗಿತ್ತು.

ಮೇಷ್ಟ್ರು ಓದಿ ಕನ್ನಡಕ ತೆಗೆದರು. "ಹೈಲಿ ಅಂದ್ರೆ ತುಂಬಾ ಅಂತಮ್ಮ. ಮುಂದಿನ ಪದಕ್ಕೆ ಒತ್ತು ಕೊಡುತ್ತೆ, ಅಷ್ಟೇ."

"ಮುಂದಿನ ಪದ ಅಂದ್ರೆ ಏನು?"

"ಆಗೋದು ಅನುಮಾನ ಅಂತ."

ಅವಳು 'ಹೈಲಿ'ಯನ್ನು ಹೆಬ್ಬೆರಳಿನಿಂದ ಮುಚ್ಚಿದಳು. "ಇದನ್ನ ತೆಗೆದುಬಿಟ್ರೆ?"

"ತೆಗೆದ್ರೂ ಅನುಮಾನವೇ."

ಮನೆಯಲ್ಲಿ ಗಂಡ ಬಾಗಿಲ ಸದ್ದಿನತ್ತ ಮುಖ ತಿರುಗಿಸಿದ. "ಏನಂತೆ?"

"ಕಾಣಲ್ಲವಂತೆ."

ಅವನು ತಡಕಾಡಿ ಅವಳ ಕೈ ಹಿಡಿದುಕೊಂಡ. "ಬೇರೆ ಯಾರ ಹತ್ತಿರಾನಾದ್ರೂ ಓದಿಸು."

ಅವಳು ಹೂಂ ಎಂದಳು. ಕಾಗದವನ್ನು ಮಾತ್ರ ಮತ್ತೆ ಬಿಚ್ಚಲಿಲ್ಲ.