ಕಣಿವೆಯಾಚೆ ತಲುಪುವ ಟಾರ್ಚ್

ಅಲಿಶಾನ್ ಬೆಟ್ಟದ ಊರೊಂದರಲ್ಲಿ ಬೈಕ್ ರಿಪೇರಿ ಅಂಗಡಿ ಇಟ್ಟಿದ್ದ ಮೈಯುನ್‌ಗೆ ಆ ಸಂಜೆ ಕೈಕಾಲು ಆಡುತ್ತಿರಲಿಲ್ಲ. ಬೆಳಿಗ್ಗೆ ಕಣಿವೆಯಾಚೆಗೆ ಮರ, ಬಂಡೆಗಳಿಗೆ ಹಬ್ಬುವ ಐಯು ಬಳ್ಳಿಯ ಕಾಯಿ ಕೀಳಲು ಹೋದ ಮಾವ ತಿಯನ್‌ಫು ಊಟದ ಹೊತ್ತಿಗೆ ಬರಬೇಕಿತ್ತು, ಬಂದಿರಲಿಲ್ಲ. ಆಚೆ ಫೋನ್ ಸಿಗುವುದಿಲ್ಲ. ಮಳೆಗೆ ಅಲ್ಲಿಯ ಕಾಲುದಾರಿ ಕುಸಿದಿದೆಯೆಂದು ಚಹಾ ತೋಟದವರು ಆಗಷ್ಟೇ ಹೇಳಿಹೋಗಿದ್ದರು.

ಗಂಡ ಚೆಂಗ್‌ಹಾನ್ ಹಗ್ಗ ಹೊತ್ತ ಗೆಳೆಯರೊಂದಿಗೆ ಹೊರಟು ನಿಂತಿದ್ದ. ಕಣಿವೆಯಾಚೆ ಎದುರಿನ ಬಂಡೆಯಲ್ಲಿ ಎರಡು ಕೊರಕಲುಗಳು; ಮಾವ ಯಾವುದರಲ್ಲಿದ್ದಾರೋ ಯಾರಿಗೂ ಗೊತ್ತಿರಲಿಲ್ಲ. ತಪ್ಪಾದದ್ದನ್ನು ಹತ್ತಿದರೆ ಇಳಿದು ಇನ್ನೊಂದಕ್ಕೆ ಹೋಗುವಷ್ಟರಲ್ಲಿ ಬೆಳಗಾಗುತ್ತದೆ. ಊರಿನ ಯಾವ ಟಾರ್ಚಿನ ಬೆಳಕೂ ಕಣಿವೆಯ ತಳದ ಹೊಳೆ ದಾಟುತ್ತಿರಲಿಲ್ಲ.

ದೂರ ಹೋಗುವ ಟಾರ್ಚೊಂದನ್ನು ಮೈಯುನ್ ಬಿಡುವಾದಾಗಲೆಲ್ಲ ಕಟ್ಟುತ್ತಿದ್ದಳು. ಕೊತ್ತಂಬರಿ ಬೀಜದಷ್ಟು ಎಲ್‌ಇಡಿ, ಅದರ ಬಿಸಿ ಹೀರಲು ತಾಮ್ರದ ಬಿಲ್ಲೆ, ಮುಂದೆ ಅನ್ನದ ಬಟ್ಟಲಿನಷ್ಟು ಆಳದ ಕನ್ನಡಿ. ಆದರೆ ಬೆಳಕಿನ ನಡುವೆ ಕಪ್ಪು ತೂತೊಂದು ಉಳಿದುಬಿಟ್ಟಿತ್ತು. ಎಲ್‌ಇಡಿ ಕನ್ನಡಿಯೊಳಕ್ಕೆ ಇನ್ನೂ ಕೂದಲೆಳೆಯಷ್ಟು ಸರಿಯಬೇಕು. ಅದಕ್ಕೆ ಎರಡರ ನಡುವಿನ ಪ್ಲಾಸ್ಟಿಕ್ ಬಳೆಯನ್ನು ಉಜ್ಜಿ ತೆಳುಮಾಡಬೇಕು; ತೀರಾ ತೆಳುವಾದರೆ ಕನ್ನಡಿಯ ಅಂಚು ತಂತಿಗೆ ತಾಗಿ ಎಲ್ಲ ಸುಟ್ಟುಹೋಗುತ್ತದೆ. ಹಿಂದಿನ ಎಲ್‌ಇಡಿ ಹಾಗೇ ಹೋಗಿತ್ತು. ಉಳಿದಿದ್ದದ್ದು ಇದೊಂದೇ.

“ಇನ್ನೂ ಆಗ್ಲಿಲ್ವಾ?” ಚೆಂಗ್‌ಹಾನ್ ಕೇಳಿದ.

“ಮಾತಾಡಿಸ್ಬೇಡ. ಇನ್ನೊಂಚೂರು ಉಜ್ಜಬೇಕು.”

ಮರಳುಕಾಗದದ ಮೇಲೆ ಬಳೆಯನ್ನು ಉಜ್ಜಿದಳು, ದೀಪಕ್ಕೆ ಹಿಡಿದು ನೋಡಿದಳು, ಮತ್ತೆ ಉಜ್ಜಿದಳು. ಸಾಕೋ ಇನ್ನೂ ಬೇಕೋ ತಿಳಿಯಲಿಲ್ಲ. ಕೊನೆಗೆ ತಿರುಪು ಬಿಗಿದು ರಸ್ತೆಯಂಚಿಗೆ ಓಡಿದಳು. ಗುಂಡಿ ಒತ್ತುವಾಗ ಸುಟ್ಟ ವಾಸನೆ ಬಂದೀತೆಂದು ಉಸಿರು ಬಿಗಿಹಿಡಿದಿದ್ದಳು.

ಏನೂ ಸುಡಲಿಲ್ಲ. ಬೆಳಕು ಕೋಲಿನಂತೆ ನೆಟ್ಟಗೆ ಹೋಗಿ ಎದುರು ಬಂಡೆಗೆ ತಾಗಿತು. ಬಲಗಡೆಯ ಕೊರಕಲಿನಲ್ಲಿ ಬೆಳ್ಳಗೆ ಏನೋ ಕಂಡು ಎಲ್ಲರೂ ಅತ್ತ ಹೊರಳಿದರು. ಮುರಿದ ಮರದ ಕಾಂಡ ಅದು. ಎಡಕ್ಕೆ ಸರಿಸಿದಳು. ಜರಿಗಿಡ, ಒದ್ದೆ ಕಲ್ಲು, ಮಂಜು. ಕೈಯಲ್ಲಿ ಟಾರ್ಚು ಬಿಸಿಯಾಗತೊಡಗಿತು. ಆಗ ಮರವೊಂದರ ಬುಡದಲ್ಲಿ ಎರಡು ಮಿನುಗು ಕಂಡವು. ಮಾವನ ಬೂಟುಗಳಿಗೆ ಅಂಟಿಸಿದ ಹೊಳೆಯುವ ಪಟ್ಟಿಗಳು. ಅವು ಅಲುಗಲಿಲ್ಲ.

ಮೈಯುನ್ ಬೆಳಕನ್ನು ಅಲ್ಲೇ ಹಿಡಿದು ನಿಂತಳು. ಬಹಳ ಹೊತ್ತಾದ ಮೇಲೆ ಒಂದು ಬೂಟು ಮೇಲೆದ್ದು ಕೆಳಗಿಳಿಯಿತು.

“ಎಡಗಡೇದು,” ಎಂದ ಚೆಂಗ್‌ಹಾನ್. ಆಗಲೇ ಇಳಿಜಾರಿನತ್ತ ಓಡುತ್ತಿದ್ದ.

ಅವರು ಹೊಳೆ ದಾಟಿ ಹತ್ತುವವರೆಗೂ ಅವಳು ಟಾರ್ಚಿಗೆ ಒದ್ದೆ ಬಟ್ಟೆ ಸುತ್ತಿ, ಆರಿದಾಗ ಮತ್ತೆ ನೆನೆಸಿ, ಬೆಳಕು ಕುಂದದಂತೆ ನೋಡಿಕೊಂಡಳು. ಕೊನೆಗೆ ಕಾಲು ಮುರಿದುಕೊಂಡ ಮಾವನನ್ನು ಬೆನ್ನ ಮೇಲೆ ಹೊತ್ತು ತಂದರು.

“ಯಾರಮ್ಮ ಆ ದೀಪ ಹಿಡಿದಿದ್ದು?” ಎಂದು ಮಾವ ಗೊಣಗಿದರು. “ಕಣ್ಣಿಗೇ ಚುಚ್ತಿತ್ತು. ಮುಖ ಮುಚ್ಕೊಂಡೇ ಕೂತಿದ್ದೆ.”

ಮೈಯುನ್ ದೀಪ ಆರಿಸಿದಳು. ಟಾರ್ಚು ಹಿಡಿದು ಮರಗಟ್ಟಿದ್ದ ಅವಳ ಬೆರಳುಗಳನ್ನು ಚೆಂಗ್‌ಹಾನ್ ಒಂದೊಂದಾಗಿ ಬಿಡಿಸಿದ.