ಬಾವಿಯ ಬಲಗಡೆ

ಮೂರು ಹೆಂಟೆ ಇಟ್ಟು ಒಲೆ ಹೂಡಿ, ಸೌದೆ ಒಟ್ಟಿ, ಕ್ಷೀರೋದಾ ನೀರಿಗೆಂದು ಬಲಗೈ ಚಾಚಿದಳು. ಕೈಗೆ ಏನೂ ಸಿಗಲಿಲ್ಲ. ಬಿಂದಿಗೆ ಎಡಗಡೆ ಇತ್ತು. ಮಗ ಬಿಧಾನ್ ಅದನ್ನು ಹಳೇ ಬಾವಿಯ ಪಕ್ಕದಲ್ಲೇ ಇಟ್ಟಿದ್ದ. ನೀರೆಂದರೆ ಬಾವಿಯ ಕಡೆ ತಾನೇ ಇಡಬೇಕು, ಅದರಲ್ಲಿ ಅವನದೇನು ತಪ್ಪು? ಬಾವಿಯಲ್ಲಂತೂ ಈಗ ಹನಿ ನೀರಿಲ್ಲ, ಬಾಯಿಯ ತನಕ ಮರಳು.

ಬಿಧಾನ್ ಇನ್ನೂ ಅಂಬೆಗಾಲಿಡುತ್ತಿದ್ದ ಕಾಲದಲ್ಲಿ ಗಂಗೆ ಶಿಮುಲ್‌ಗಾಛಿಯನ್ನು ನುಂಗಿ ನೀರು ಕುಡಿದಿದ್ದಳು. ಜನ ಮಾಡಿನ ತಗಡು, ಬಾಗಿಲು, ಕಾಳಿಯ ಪೀಠ ಎಲ್ಲವನ್ನೂ ದೋಣಿಗೆ ಹೇರಿಕೊಂಡು ಆಚೆ ದಡಕ್ಕೆ ಹೋದರು. ಅಲ್ಲಿ ಏರಿಯ ಬುಡದಲ್ಲಿ ಅದೇ ಹೆಸರಿನ ಊರು ಕಟ್ಟಿದರು. ಹೆಸರಷ್ಟೇ ಅಲ್ಲ, ಹೊಳೆಗೆ ಮುಖ ಮಾಡಿ ನಿಂತರೆ ಯಾರ ಎಡಕ್ಕೆ ಯಾರಿದ್ದರೋ, ಯಾರ ಬಲಕ್ಕೆ ಯಾರಿದ್ದರೋ, ಸಾಲು ಕೂಡ ಹಾಗೇ. ಎಂಥಾ ಹಟಮಾರಿ ಜನ ಅಂದರೆ, ಜಗಳದ ನೆರೆಯವರನ್ನೂ ಬದಲಾಯಿಸಿಕೊಳ್ಳಲಿಲ್ಲ.

ಈ ಚಳಿಗಾಲಕ್ಕೆ ಹೊಳೆಯ ನಡುವೆ ದಿಬ್ಬವೊಂದು ಎದ್ದಿತು. ಎರಡು ಮನೆಗೂ ಅವುಗಳ ಹೊಲಕ್ಕೂ ಸಾಕಾಗುವಷ್ಟು ನೆಲ, ನಡುವೆ ಆ ಇಟ್ಟಿಗೆಯ ಬಾವಿ. ಅದು ತಮ್ಮ ಮನೆಗೂ ಯಾಸಿನನ ಮನೆಗೂ ನಡುವೆ ಇದ್ದ ಬಾವಿ ಎಂದು ಕ್ಷೀರೋದಾ ನೋಡಿದ ಕೂಡಲೇ ಹೇಳಿದ್ದಳು. ಮಿಕ್ಕವರ ನೆಲ ಇನ್ನೂ ನೀರಿನಲ್ಲೇ ಇತ್ತು. ಬಾವಿಯ ಉತ್ತರಕ್ಕೆ ಬರೀ ಮರಳು. ದಕ್ಷಿಣಕ್ಕೆ ಹಿಡಿದರೆ ಬೆಣ್ಣೆಯಂಥ ಕಪ್ಪು ಮೆಕ್ಕಲು, ಉದ್ದು ಚೆಲ್ಲಿದರೆ ಸಾಕು, ಉಳುವುದೂ ಬೇಡ. ಯಾವುದು ಯಾರದು?

ಊರ ಹಿರಿಯ ಹರಾಧನ್ ಮೊಂಡಲ್ ಬಂದು ಕ್ಷೀರೋದಾಳನ್ನೇ ಕೇಳಿದ. ಆ ಬಾವಿಯಲ್ಲಿ ನೀರು ಸೇದಿದವರಲ್ಲಿ ಉಳಿದವಳು ಅವಳೊಬ್ಬಳೇ. ಯಾಸಿನನೂ ಇಲ್ಲ, ಅವನ ಹೆಂಡತಿಯೂ ಇಲ್ಲ. ಈಗ ಹೇಗಿದೆಯೋ ಹಾಗೇ ಇತ್ತಪ್ಪ, ಅವರ ಮನೆ ನಮ್ಮ ಬಲಗೈಗೆ ಅಂದಳು. ಈಗಿನ ಊರಿನಲ್ಲಿ ಯಾಸಿನನ ಮನೆ ಇರುವುದು ಉತ್ತರಕ್ಕೆ. ಹಾಗಾಗಿ ಮರಳು ಅವರಿಗೆ, ಮೆಕ್ಕಲು ಇವರಿಗೆ ಎಂದಾಯಿತು. ಬಿಧಾನ್ ಅವತ್ತೇ ಮೇಸ್ತ್ರಿಗೆ ಫೋನು ಮಾಡಿ, ಈ ವರ್ಷ ಕೇರಳಕ್ಕೆ ಬರುವುದಿಲ್ಲ, ಬೇರೆಯವರನ್ನು ನೋಡಿಕೋ ಎಂದ. ಮಗ ಹಾಗೆ ನಗುನಗುತ್ತಾ ಫೋನಿನಲ್ಲಿ ಮಾತಾಡಿದ್ದನ್ನು ಅವಳು ಕಂಡೇ ಇರಲಿಲ್ಲ.

ಇನ್ನು ಉಳಿದದ್ದು ಒಲೆ. ಎದ್ದ ನೆಲದಲ್ಲಿ ಮನೆಯ ಹೆಂಗಸು ಒಲೆ ಹೂಡಿ ಅನ್ನ ಬೇಯಿಸಿ, ಬಂದವರೆಲ್ಲ ಒಂದೊಂದು ತುತ್ತು ಉಂಡರೆ ಆ ನೆಲ ಆ ಮನೆಯದು. ಆಮೇಲೆ ಯಾರೂ ತಕರಾರು ಎತ್ತುವ ಹಾಗಿಲ್ಲ. ಅದಕ್ಕೇ ನಸುಕಿನಲ್ಲೇ ಎಲ್ಲರೂ ದೋಣಿಯಲ್ಲಿ ಬಂದಿದ್ದರು. ಬಾವಿಯ ಆಚೆ, ಮರಳಿನಲ್ಲಿ, ಯಾಸಿನನ ಸೊಸೆ ಜೊಹುರಾ ಆಗಲೇ ಬೆಂಕಿ ಹಚ್ಚಿ ಊದುತ್ತಿದ್ದಳು.

ಕ್ಷೀರೋದಾ ಬಿಂದಿಗೆಯನ್ನು ಎಳೆದುಕೊಳ್ಳುವಾಗ ಬಿಸಿಲು ಕಣ್ಣಿಗೆ ಹೊಡೆಯಿತು. ಸೂರ್ಯ ಹೊಳೆಯೊಳಗಿಂದ ಮೇಲೆ ಬರುತ್ತಿದ್ದ. ಆಚೆ ದಡದಲ್ಲಿ ಅವನು ಹೊಳೆಗೆ ಇಳಿಯುವುದನ್ನಷ್ಟೇ ನೋಡಿ ಅವಳಿಗೆ ರೂಢಿ. ಹಿಂದೆ ಇದೇ ನೆಲದಲ್ಲಿ, ಹೊಸ ಸೊಸೆಯಾಗಿ, ದಿನಾ ಬೆಳಿಗ್ಗೆ ಹೀಗೇ ಕಣ್ಣು ಕಿರಿದು ಮಾಡಿಕೊಂಡು ಒಲೆಯ ಮುಂದೆ ಕೂರುತ್ತಿದ್ದಳು. ಬಲಗಡೆ ಬಾವಿಯ ರಾಟೆ ಕಿರುಗುಟ್ಟುತ್ತಿತ್ತು. ಅದರಾಚೆಯಿಂದ ಯಾಸಿನನ ಹೆಂಡತಿಯ ಕೋಳಿಗಳು ಬಂದು ಒಣಹಾಕಿದ ಭತ್ತ ಕೆದರುತ್ತಿದ್ದವು. ಒಂದು ದಿನ ಸಿಟ್ಟು ನೆತ್ತಿಗೇರಿ, ನಿಮ್ಮ ಹೊಲಕ್ಕೆ ಮರಳು ಬೀಳ ಎಂದು ಬಾಯಿಗೆ ಬಂದ ಹಾಗೆ ಶಪಿಸಿದ್ದಳು.

ಬಲಗಡೆ. ಈಗ ಬಾವಿ ಎಡಕ್ಕಿತ್ತು.

ಆಚೆ ದಡದ ಊರಿಗೆ ಹೊಳೆ ಪಶ್ಚಿಮಕ್ಕೆ, ಇಲ್ಲಿ ಪೂರ್ವಕ್ಕೆ. ಬಲಗೈ ಬಲಗೈಯೇ, ಆದರೆ ಊರೇ ತಿರುಗಿ ಕೂತಿತ್ತು. ಅಲ್ಲಿ ಉತ್ತರಕ್ಕಿದ್ದವರು ಇಲ್ಲಿ ದಕ್ಷಿಣದವರು. ತಾನು ಕೂತಿರುವುದು ಯಾಸಿನನ ಅಂಗಳದಲ್ಲಿ.

ಹೇಳದಿದ್ದರೆ ತಿಳಿಯುವುದಾದರೂ ಯಾರಿಗೆ? ಒಂದು ಕಡ್ಡಿ ಗೀರಿದರೆ ಮುಗಿಯಿತು. ಸಿಮೆಂಟು ತಿಂದು ಬಿರಿದ ಮಗನ ಕೈಗಳನ್ನು ನೋಡಿದಳು. ಉದ್ದಿನ ಚೀಲವನ್ನು ಅವನು ಮಗುವಿನಂತೆ ಎತ್ತಿಕೊಂಡು ನಿಂತಿದ್ದ. ಕಡ್ಡಿಪೆಟ್ಟಿಗೆ ಬೆವರಿಗೆ ಒದ್ದೆಯಾಗುವಷ್ಟು ಹೊತ್ತು ಅವಳ ಅಂಗೈಯಲ್ಲೇ ಉಳಿಯಿತು.

"ಹರಾಧನ್, ನಾನು ತಪ್ಪು ಹೇಳ್ಬಿಟ್ಟೆ ಕಣಪ್ಪ," ಅಂದಳು. "ಇದು ಯಾಸಿನನ ನೆಲ. ನಮ್ಮದು ಆ ಮರಳು."

ಅತ್ತಿಗೆಗೆ ವಯಸ್ಸಾಯಿತು, ಬಿಸಿಲು ಬಡಿದಿರಬೇಕು ಎಂದು ಹರಾಧನ್ ನಕ್ಕ. ಅವಳು ಸೂರ್ಯನನ್ನೂ ಬಾವಿಯನ್ನೂ ತೋರಿಸಿ ಬಿಡಿಸಿ ಹೇಳಿದ ಮೇಲೆ, ಅವನು ಆಚೆ ದಡವನ್ನೊಮ್ಮೆ ಈ ದಿಬ್ಬವನ್ನೊಮ್ಮೆ ನೋಡಿ, ತಲೆ ಕೆರೆದುಕೊಂಡು, ಹೌದಲ್ಲ ಎಂದ.

ಬಿಧಾನನ ಮುಖ ಕಪ್ಪಿಟ್ಟಿತು. "ಯಾರಾದ್ರೂ ಕೇಳಿದ್ರಾ ಮಾ ನಿನ್ನ?"

"ಯಾರೂ ಕೇಳ್ಲಿಲ್ಲ. ಕೇಳೋರು ಯಾರೂ ಉಳ್ದಿಲ್ಲ. ಅದಕ್ಕೇ ಹೇಳ್ತಿರೋದು."

ಅವನು ಚೀಲವನ್ನು ನೆಲಕ್ಕೆ ಹಾಕಿ ದೋಣಿಯ ಕಡೆ ನಡೆದ. ಕ್ಷೀರೋದಾ ಹೆಂಟೆಗಳನ್ನು ಮಡಿಲಿಗೆ ಹಾಕಿಕೊಂಡು, ಮಡಕೆ ಎತ್ತಿಕೊಂಡು ಹೊರಟಳು. ಜೊಹುರಾಳಿಗೆ ಮೊದಲು ಏನೂ ತಿಳಿಯಲಿಲ್ಲ. ತಿಳಿದ ಮೇಲೆ ಬಿಸಿ ಮಡಕೆಯನ್ನು ಸೆರಗಿನಲ್ಲಿ ಹಿಡಿದುಕೊಂಡು ಎದುರು ಬಂದಳು. ಬಾವಿಯ ಹತ್ತಿರ ಇಬ್ಬರೂ ನಿಂತರು.

"ಜೇಠಿ, ನಮ್ಮತ್ತೆ ಬದುಕಿದ್ದಿದ್ರೆ ಇದನ್ನ ನಂಬ್ತಾನೇ ಇರ್ಲಿಲ್ಲ," ಅಂದಳು ಜೊಹುರಾ.

"ಹ್ಞೂಂ, ಅದಕ್ಕೂ ಜಗಳ ತೆಗೀತಿದ್ಲು. ನಡಿ, ಬೆಂಕಿ ಮಾಡು."

ಮರಳಿನಲ್ಲಿ ಒಲೆ ನಿಲ್ಲಲಿಲ್ಲ. ಹೆಂಟೆಗಳು ಒಂದೊಂದಾಗಿ ಕುಸಿದವು. ಮಡಕೆ ವಾಲಿ ಅರ್ಧ ನೀರು ಬೆಂಕಿಗೆ ಚೆಲ್ಲಿತು. ಅವಳು ಮತ್ತೆ ತೋಡಿ, ಮತ್ತೆ ಹೂಡಿ, ಮತ್ತೆ ಊದಿದಳು. ಅದು ಮತ್ತೆ ವಾಲಿತು. ಹೊಗೆಗೆ ಕಣ್ಣಲ್ಲಿ ನೀರು ಸುರಿಯುತ್ತಿತ್ತು, ಬರೀ ಹೊಗೆಗೂ ಅಲ್ಲ. ಬಂದವರು ಬೇರೆ ಕಡೆ ಮುಖ ಮಾಡಿಕೊಂಡು ಹೊಳೆಯ ಮಾತಾಡಿದರು.

ಎಷ್ಟೋ ಹೊತ್ತಿನ ಮೇಲೆ ಬಿಧಾನ್ ದೋಣಿಯಿಂದ ಎದ್ದು ಬಂದ. ಕುಕ್ಕರಗಾಲಲ್ಲಿ ಕೂತು, ಹೆಗಲ ಮೇಲಿನ ಗಮ್ಛಾವನ್ನು ಕೈಗೆ ಸುತ್ತಿಕೊಂಡು ಮಡಕೆಯ ಕಂಠವನ್ನು ಎರಡೂ ಕಡೆಯಿಂದ ಹಿಡಿದ.

"ಮೇಸ್ತ್ರಿಗೆ ಫೋನು ಮಾಡ್ದೆ. ಗುರುವಾರದ ಗಾಡಿ," ಅಂದ. "ಒಂದಿಷ್ಟು ಮಂಡಕ್ಕಿ ಹುರ್ದು ಕೊಡು."

ಅವಳು ಆಗಲಿ ಎಂದು ತಲೆಯಾಡಿಸಿ ಸೌದೆಯನ್ನು ಒಳಕ್ಕೆ ನೂಕಿದಳು. ಹಬೆ ಮುಖಕ್ಕೆ ಹೊಡೆದರೂ ಕೈ ತೆಗೆಯದೆ, ಅಕ್ಕಿ ಕುದಿಯುವ ತನಕ ಅವನು ಮಡಕೆಯನ್ನು ಹಾಗೇ ಹಿಡಿದುಕೊಂಡಿದ್ದ.