ಬಟಾಣಿಗೊಂದು ಆಮೆನ್

"ಆಮೆನ್!" ಎಂದರು ಮಾವ. ಪ್ರಾರ್ಥನೆ ಇನ್ನೂ ಅರ್ಧ ದಾರಿಯಲ್ಲಿತ್ತು.

ಅತ್ತೆ ಕಣ್ಣು ತೆರೆಯದೆಯೇ ಮಾವನ ಮೊಣಕೈಗೆ ಮೆಲ್ಲಗೆ ತಿವಿದು ಮುಂದುವರಿಸಿದರು. ಮಾವನಿಗೆ ಕಿವಿ ಮಂದ. ಹೆಂಡತಿ ಉಸಿರು ಎಳೆದುಕೊಳ್ಳಲು ನಿಂತರೂ ಸಾಕು, ಮುಗಿಯಿತೆಂದುಕೊಂಡು ಗಟ್ಟಿಯಾಗಿ ಆಮೆನ್ ಹೇಳಿಬಿಡುತ್ತಿದ್ದರು. ಒಂದು ಕಮ್ಮಿಯಾಗುವುದಕ್ಕಿಂತ ನಾಲ್ಕು ಜಾಸ್ತಿಯಾದರೆ ಗಂಟೇನು ಹೋಗುತ್ತದೆ ಎಂಬುದು ಅವರ ವಾದ. ದೇವರಿಗೂ ಇಷ್ಟು ಹೊತ್ತಿಗೆ ಅಭ್ಯಾಸವಾಗಿರಬೇಕು.

ಸೊಸೆ ಕಣ್ಣು ಬಿಟ್ಟುಕೊಂಡೇ ಕೂತಿದ್ದಳು. ಅದು ಯಾರಿಗೂ ಗೊತ್ತಿರಲಿಲ್ಲ, ಉಳಿದವರ ಕಣ್ಣು ಮುಚ್ಚಿರುತ್ತಿತ್ತಲ್ಲ. ಊಟದ ಮೇಜಿನ ಮೇಲೆ ಮುಚ್ಚಿಟ್ಟ ಪಾತ್ರೆಗಳನ್ನು, ಗಂಡನ ಬೆರಳಿನ ಮೇಲಿದ್ದ ಸುಟ್ಟ ಗಾಯವನ್ನು, ಅತ್ತೆಯ ಕನ್ನಡಕ ಮೂಗಿನ ತುದಿಗೆ ಜಾರುವುದನ್ನು ಅವಳು ದಿನವೂ ನೋಡುತ್ತಿದ್ದಳು. ನೋಡುತ್ತಿದ್ದಳು ಅಷ್ಟೇ. ಗಾಯ ಕಂಡು ಅಯ್ಯೋ ಅನ್ನಿಸುತ್ತಿರಲಿಲ್ಲ, ಕನ್ನಡಕ ಕಂಡು ನಗು ಬರುತ್ತಿರಲಿಲ್ಲ.

ಆ ಮನೆಯಲ್ಲಿ ಪ್ರಾರ್ಥನೆಯಾಗದೆ ಊಟಕ್ಕೆ ಕೈ ಹಾಕುವ ಹಾಗಿರಲಿಲ್ಲ. ಮೊದಲು ಅತ್ತೆಯ ದೊಡ್ಡ ಪ್ರಾರ್ಥನೆ, ಆಮೇಲೆ ಸರದಿಯ ಪ್ರಕಾರ ಒಬ್ಬೊಬ್ಬರದು ಒಂದೊಂದು ಮಾತು. "ಅಮ್ಮನ ಪ್ರಾರ್ಥನೆ ಸಿಟಿ ಬಸ್ಸಿದ್ದ ಹಾಗೆ, ಎಲ್ಲಾ ಸ್ಟಾಪಲ್ಲೂ ನಿಲ್ಲುತ್ತೆ" ಎಂದು ಮದುವೆಯಾದ ಹೊಸದರಲ್ಲಿ ಗಂಡ ಎಚ್ಚರಿಸಿದ್ದ. ನಿಜವೇ. ಕಾಯಿಲೆ ಬಿದ್ದ ನೆಂಟರು, ಎದುರು ಮನೆಯ ಜಗಳಗಂಟಿ, ಬ್ರೆಡ್ ಕಾರ್ಖಾನೆಯಲ್ಲಿ ಮಗ ನಿಲ್ಲುವ ಒಲೆ, ಸೊಸೆಯ ಕನ್ನಡಕದಂಗಡಿ, ಮಾವನ ಮಂಡಿ, ಒಂದೂ ತಪ್ಪುತ್ತಿರಲಿಲ್ಲ. ಸೊಸೆ ಬಸುರಿಯಾದ ಮೇಲೆ ಮಂಡಿಯ ನಂತರ ಇನ್ನೊಂದು ಸ್ಟಾಪ್ ಸೇರಿತ್ತು.

ಬಟಾಣಿ. ಹೊಟ್ಟೆಯ ಮೊದಲ ಸ್ಕ್ಯಾನಿನಲ್ಲಿ ಡಾಕ್ಟರಮ್ಮ ತೋರಿಸಿದ ಚುಕ್ಕೆ ನೋಡಿ ಗಂಡ ಇಟ್ಟ ಹೆಸರು. ಅತ್ತೆಗೆ ಸಿಟ್ಟು ಬಂದಿತ್ತು. "ದೇವರ ಸನ್ನಿಧಿಯಲ್ಲಿ ಬಟಾಣಿ, ಕಡಲೆ ಅಂತ ಕರೆಯೋದಾ? ನಿನಗೆ ಬುದ್ಧಿ ಯಾವಾಗ ಬರೋದು?" ಎಂದು ಮಗನನ್ನು ಗದರಿದ್ದರು. ವಾರ ಕಳೆಯುವಷ್ಟರಲ್ಲಿ ಅವರ ಬಾಯಲ್ಲೇ ಅದು ಬಂತು. "ತಂದೆಯೇ, ನಮ್ಮ ಬಟಾಣಿನ ಕಾಪಾಡಪ್ಪಾ. ಕೈಕಾಲು ಗಟ್ಟಿಯಾಗಿರಲಿ. ಮೈ ತುಂಬಿಕೊಳ್ಳಲಿ." ಸೊಸೆ ಆಗ ಕಣ್ಣು ಮುಚ್ಚಿಕೊಂಡು, ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು, ನಗು ತಡೆದುಕೊಳ್ಳುತ್ತಿದ್ದಳು.

ಎಂಟು ತಿಂಗಳು ತುಂಬಿದ ಮೇಲೆ ಬಟಾಣಿಯ ಎದೆಬಡಿತ ಒಳಗೇ ನಿಂತುಹೋಯಿತು. ಹೆಣ್ಣುಮಗು. ಕೈಕಾಲು ಗಟ್ಟಿಯಾಗಿಯೇ ಇದ್ದವಂತೆ. ಅವಳು ಆಸ್ಪತ್ರೆಯ ಹಾಸಿಗೆಯಲ್ಲಿ ಎಚ್ಚರವಿಲ್ಲದೆ ಮಲಗಿದ್ದಾಗ ಗಂಡನೂ ಮಾವನೂ ಮಣ್ಣು ಮಾಡಿ ಬಂದರು. ಬಂದವರೆಲ್ಲ ದೇವರ ಚಿತ್ತ ಎಂದರು, ನಿನಗೇನು ವಯಸ್ಸು ಮೀರಿದೆಯೇ ಎಂದರು, ಕಾಫಿ ಕುಡಿದು ಹೋದರು. ಹೇಳುವವರಿಗೇನು, ಹೇಳಿ ಕೈ ತೊಳೆದುಕೊಂಡರು.

ಅಂದಿನಿಂದ ಅತ್ತೆಯ ಬಸ್ಸು ಆ ಸ್ಟಾಪಿನಲ್ಲಿ ನಿಲ್ಲುವುದನ್ನು ಬಿಟ್ಟಿತು. ಮಾವನ ಮಂಡಿಯಾದ ಮೇಲೆ ಒಂದು ಗಳಿಗೆ ತಡವರಿಸಿ, ಏನನ್ನೋ ನುಂಗಿ, "ಈ ಊಟಕ್ಕಾಗಿ ಸ್ತೋತ್ರ" ಎಂದು ಹಾರಿಬಿಡುತ್ತಿದ್ದರು. ಆ ತಡವರಿಕೆಗೇ ಮಾವನ ಅಕಾಲದ ಆಮೆನ್ ಬೀಳುತ್ತಿತ್ತು. ಸರದಿ ಸೊಸೆಗೆ ಬಂದಾಗ ಅವಳೂ ಬರೀ ಆಮೆನ್ ಎಂದು ಎದ್ದು ತಟ್ಟೆ ಹಾಕುತ್ತಿದ್ದಳು. ಯಾರೂ ಯಾಕೆಂದು ಕೇಳಲಿಲ್ಲ.

ಕೇಳದೇ ಇರುವುದರಲ್ಲಿ ಆ ಮನೆಯವರು ಎಲ್ಲರನ್ನೂ ಮೀರಿಸಿದ್ದರು. ತೊಟ್ಟಿಲು ಅಟ್ಟ ಸೇರಿತು. ಅತ್ತೆ ಹೆಣೆದಿದ್ದ ಹಳದಿ ಟೋಪಿ ಎಲ್ಲಿ ಹೋಯಿತೋ. ಅಡುಗೆಮನೆಗೆ ಬಟಾಣಿ ಬರುವುದೂ ನಿಂತಿತು. ಒಂದು ದಿನ ಗಂಡ ಮರೆತು ಅರ್ಧ ಕೇಜಿ ತಂದಾಗ ಅತ್ತೆ ಆ ಚೀಲವನ್ನು ಮರೆಮಾಡಿ ಹಿತ್ತಲ ಬಾಗಿಲಿನಿಂದ ಎದುರು ಮನೆಯ ಜಗಳಗಂಟಿಗೆ ಕೊಟ್ಟುಬಂದಿದ್ದು ಸೊಸೆಗೆ ಕಿಟಕಿಯಿಂದ ಕಂಡಿತ್ತು. ಎಲ್ಲ ಅವಳ ಒಳ್ಳೆಯದಕ್ಕೇ. ಒಳ್ಳೆಯದಕ್ಕೆಂದೇ ಮಗುವನ್ನು ಮನೆಯಿಂದ ಗುಡಿಸಿ ಹಾಕಿದ್ದರು.

ಈ ನಡುವೆ ಒಂದು ದಿನ ಸೊಸೆಯ ಕನ್ನಡಕದಂಗಡಿಗೆ ಒಬ್ಬ ಹೆಂಗಸು ಬಂದರು. ಕನ್ನಡಕದ ಕಾಲು ಸಡಿಲವಾಗಿತ್ತು. ಸೊಸೆ ಸಾಸಿವೆಗಿಂತ ಸಣ್ಣ ತಿರುಪನ್ನು ಚಿಮಟದಲ್ಲಿ ಹಿಡಿದು ಕೂರಿಸುತ್ತಿದ್ದಾಗ ಆಕೆ ಬಗ್ಗಿ ನೋಡಿದರು.

"ನೀವೇ ಅಲ್ವಾ? ಹೋದ ಸಲ ಬಂದಾಗ ಇಷ್ಟು ದೊಡ್ಡ ಹೊಟ್ಟೆ ಇತ್ತು! ಏನು ಮಗು?"

"ಹೆಣ್ಣು" ಎಂದಳು ಸೊಸೆ.

"ಲಕ್ಷಣವಾಯ್ತು ಬಿಡಿ. ಚೆನ್ನಾಗಿದ್ದಾಳಾ?"

"ಹೂಂ."

"ತುಂಬಾ ಕಾಡ್ತಾಳಾ?"

"ಇಲ್ಲ. ಒಂಚೂರೂ ಸದ್ದೇ ಮಾಡಲ್ಲ."

ತಿರುಪು ಕೂತಿತು. ಕಾಲನ್ನು ಬಿಸಿಗಾಳಿಗೆ ಹಿಡಿದು ಮೆತ್ತಗಾಗಿಸಿ, ಆಕೆಯ ಕಿವಿಯ ಹಿಂದೆ ಎಷ್ಟು ಬಾಗಬೇಕೋ ಅಷ್ಟು ಬಾಗಿಸಿ, ಗಾಜು ಒರೆಸಿ ಕೊಟ್ಟಳು. ಆಕೆ ಸಂತೋಷದಿಂದ ಹೋದರು. ಸೊಸೆ ಚಿಮಟವನ್ನು ಅದರ ಡಬ್ಬಿಗೆ ಹಾಕಿದಳು. ಇಷ್ಟು ದೊಡ್ಡ ಸುಳ್ಳು ಹೇಳಿ ಎದೆ ಧಸಕ್ಕೂ ಅನ್ನಲಿಲ್ಲವಲ್ಲ, ನಾನೇನು ಮನುಷ್ಯಳಾ, ಕೊರಡಾ ಎಂದುಕೊಂಡಳು. ಅದಕ್ಕೂ ಅಳು ಬರಲಿಲ್ಲ. ಇನ್ನೊಂದು ಯೋಚನೆ ಬಂತು: ಬಟಾಣಿಯ ಬಗ್ಗೆ ಇಷ್ಟು ಮಾತು ಕೇಳಿದ್ದು ಈ ಹೊರಗಿನ ಹೆಂಗಸೊಬ್ಬರೇ. ಮನೆಗೆ ಹೋದರೆ ಇಷ್ಟೂ ಇಲ್ಲ.

ಅಂದು ಸಂಜೆ ಅವಳು ಬೀರುವಿನಿಂದ ಬಟ್ಟೆ ತೆಗೆದು ಬ್ಯಾಗಿಗೆ ಹಾಕತೊಡಗಿದಳು. ಗಂಡ ಕೆಲಸ ಮುಗಿಸಿ ಬಂದವನು, ಮೈಯೆಲ್ಲ ಹಿಟ್ಟು, ಬಾಗಿಲಲ್ಲೇ ನಿಂತ.

"ಎಲ್ಲಿಗೆ?"

"ಅಕ್ಕನ ಮನೆಗೆ. ನಾಳೆ ಬೆಳಿಗ್ಗೆ ಬಸ್ಸಿಗೆ."

"ಎಷ್ಟು ದಿನ?"

"ಗೊತ್ತಿಲ್ಲ ರೀ."

"ವಾಪಸ್ ಬರ್ತೀಯ ತಾನೇ?"

ಅವಳು ಸ್ವೆಟರು ಮಡಚಿ ಒಳಗಿಟ್ಟಳು. ಚಳಿಗಾಲಕ್ಕೆ ಇನ್ನೂ ಎಷ್ಟೋ ತಿಂಗಳಿತ್ತು. ಗಂಡ ಅದನ್ನು ನೋಡಿದ, ಅವನಿಗೆ ಅರ್ಥವಾಯಿತು.

"ಏನಾದ್ರೂ ಬೈದುಬಿಡೇ. ಜಗಳನಾದ್ರೂ ಆಡು. ಹೀಗೆ ಸುಮ್ಮನೆ ಎದ್ದು ಹೋಗಬೇಡ."

"ಬೈಯೋಣ ಅಂದ್ರೆ ಸಿಟ್ಟೂ ಬರ್ತಿಲ್ಲ. ನಿಮ್ಮ ಮೇಲೆ ಇಲ್ಲ, ಅತ್ತೆ ಮೇಲೆ ಇಲ್ಲ. ದೇವರ ಮೇಲೂ ಇಲ್ಲ. ಬಂದಿದ್ರೆ ಇಲ್ಲೇ ಇರ್ತಿದ್ದೆ."

ಅವನು ಮಂಚದ ತುದಿಯಲ್ಲಿ ಕೂತ. ಹಿಟ್ಟಿನ ಕೈಯನ್ನು ಅವಳ ಕಡೆ ಚಾಚಿ, ಬಟ್ಟೆ ಕೊಳೆಯಾಗುತ್ತದೆಂದು ಹಿಂದಕ್ಕೆ ತೆಗೆದುಕೊಂಡ. ಪಾಪ, ಅವನೂ ಸೋತು ಸುಣ್ಣವಾಗಿದ್ದ.

ಅತ್ತೆಗೆ ವಿಷಯ ತಿಳಿದಾಗ ಅವರು ಬೇಡ ಎನ್ನಲಿಲ್ಲ. "ಹೋಗಿ ಬಾಮ್ಮಾ" ಎಂದರು. ಅಡುಗೆಮನೆಗೆ ಹೋಗಿ ದಾರಿಗೆ ಏನೇನೋ ಕಟ್ಟತೊಡಗಿದರು. ಡಬ್ಬಿಯ ಮುಚ್ಚಳಗಳು ಒಂದಕ್ಕೊಂದು ಹೊಂದಲಿಲ್ಲ, ಪಾತ್ರೆ ಕೈಜಾರಿ ಬಿತ್ತು. ಗದ್ದಲದ ನಡುವೆ ಅವರು ಏನೋ ಗೊಣಗುತ್ತಿದ್ದುದು ಹೊರಗೆ ಸರಿಯಾಗಿ ಕೇಳಿಸಲಿಲ್ಲ.

ಊಟದ ಹೊತ್ತಿಗೆ ನಾಲ್ವರೂ ಮೇಜಿನ ಸುತ್ತ ಕೂತರು. ಮಾವನ ಒಂದು ಪಕ್ಕ ಅತ್ತೆ, ಇನ್ನೊಂದು ಪಕ್ಕ ಸೊಸೆ, ಎದುರಿಗೆ ಗಂಡ. ಅತ್ತೆ ಕಣ್ಣು ಮುಚ್ಚಿದರು.

ಬಸ್ಸು ಹೊರಟಿತು. ನೆಂಟರು, ಜಗಳಗಂಟಿ, ಕಾರ್ಖಾನೆಯ ಒಲೆ. "ಕರ್ತನೇ, ನಮ್ಮ ಹುಡುಗಿ ನಾಳೆ ಪ್ರಯಾಣ ಹೊರಟಿದ್ದಾಳೆ. ದಾರೀಲಿ ಕಾಪಾಡು. ಅವಳಿಗೆ ಬಸ್ಸಲ್ಲಿ ವಾಂತಿ ಬರುತ್ತೆ, ಕಿಟಕಿ ಪಕ್ಕದ ಸೀಟೇ ಸಿಗೋ ಹಾಗೆ ಮಾಡಪ್ಪಾ. ಅವಳ ಅಕ್ಕನ ಮನೇಲಿ ಚೆನ್ನಾಗಿ ನಿದ್ದೆ ಬರಲಿ." ಧ್ವನಿ ಒಡೆಯಿತು. ಅದನ್ನು ಸರಿಮಾಡಿಕೊಂಡು ಮಾವನ ಮಂಡಿಗೆ ಬಂದರು. ಸೊಸೆ ಕಣ್ಣು ಬಿಟ್ಟುಕೊಂಡು ಆ ತಡವರಿಕೆಗೆ ಕಾದಳು.

ತಡವರಿಕೆ ಬರಲಿಲ್ಲ.

"ನಮ್ಮ ಬಟಾಣಿನ ಕಾಪಾಡಪ್ಪಾ" ಎಂದರು ಅತ್ತೆ, ದಿನವೂ ಹೇಳುವವರ ಸಲೀಸಿನಲ್ಲಿ. "ಕೈಕಾಲು ಗಟ್ಟಿಯಾಗಿರಲಿ. ಮೈ ತುಂಬಿಕೊಳ್ಳಲಿ." ಉಸಿರು ಎಳೆದುಕೊಂಡರು.

"ಆಮೆನ್!" ಎಂದರು ಮಾವ.

"ಅಮ್ಮಾ!" ಎಂದು ಗಂಡ ಕಣ್ಣು ತೆರೆದ. ಅತ್ತೆಯ ಕಣ್ಣೂ ತೆರೆಯಿತು. ಏನು ಹೇಳಿದೆನೆಂದು ತಿಳಿಯಲು ಅವರಿಗೆ ಸ್ವಲ್ಪ ಹೊತ್ತು ಬೇಕಾಯಿತು. ತಿಳಿದ ಮೇಲೆ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡರು. "ಅಯ್ಯೋ, ನನ್ನ ನಾಲಿಗೆಗೆ ಬೆಂಕಿ ಹಾಕ! ಹೋಗೋ ಹೊತ್ತಲ್ಲಿ ಎಂಥಾ ಮಾತು ಬಂತು... ಬೇಕಂತ ಅಲ್ಲಮ್ಮಾ, ಬೇಕಂತ ಅಂದಿದ್ದಲ್ಲ."

ಮಾವ ಎಲ್ಲರ ಮುಖ ನೋಡಿದರು. "ಮುಗೀತಾ? ಬಡಿಸೋದಾ?"

"ಅತ್ತೆ" ಎಂದಳು ಸೊಸೆ. "ಇನ್ನೊಂದು ಸಲ ಹೇಳಿ."

"ಏನನ್ನಮ್ಮಾ?"

"ಅದನ್ನೇ. ದಿನಾ ಕಾಯ್ತಿದ್ದೆ. ಮಾವನ ಮಂಡಿ ಆದಮೇಲೆ ಇವತ್ತು ಹೇಳ್ತಾರೆ, ಇವತ್ತು ಹೇಳ್ತಾರೆ ಅಂತ. ನೀವು ಹಾರಿಸಿಬಿಡ್ತಿದ್ರಿ. ನಮಗೆ ಮಗೂನೇ ಇರ್ಲಿಲ್ವೇನೋ ಅನ್ನೋ ಹಾಗೆ."

ಅತ್ತೆ ಬಾಯಿಂದ ಕೈ ತೆಗೆದರು. "ಹಾರಿಸಿಲ್ಲ ಕಣೇ" ಎಂದರು. "ಇಲ್ಲಿ ನಿನ್ನ ಮುಂದೆ ನುಂಗ್ಕೋತೀನಿ, ನಿಂಗೆ ನೋವಾಗುತ್ತೆ ಅಂತ. ಅಡುಗೆಮನೇಲಿ ಒಬ್ಬಳೇ ಇದ್ದಾಗ ಹೇಳ್ತೀನಿ. ಪಾತ್ರೆ ತೊಳೀತಾ ಹೇಳ್ತೀನಿ. ಇವತ್ತು ನಿನ್ನ ಬುತ್ತಿ ಕಟ್ತಾ ಅದನ್ನೇ ಹೇಳ್ತಿದ್ದೆ, ಎಲ್ಲಿ ಕೂತಿದ್ದೀನಿ ಅನ್ನೋದೇ ಮರೆತುಹೋಯ್ತು. ಸತ್ತವರಿಗೋಸ್ಕರ ಪ್ರಾರ್ಥನೆ ಮಾಡಬಾರದು ಅಂತಾರೆ ಪಾದ್ರಿಗಳು. ಅನ್ನಲಿ, ಅವರೇನು ಹೊತ್ತಿದ್ರಾ, ಹೆತ್ತಿದ್ರಾ? ಆ ಮಗು ಈಗ ದೇವರ ಹತ್ರ ಇದೆ ಅಂತ ನಂಬಿದ್ದೀನಿ. ಅಲ್ಲಿರೋ ಮಗೂಗೆ ಏನು ಕೇಳಬೇಕೋ ಗೊತ್ತಾಗಲ್ಲ. ಕೈಕಾಲು ಗಟ್ಟಿಯಾಗಿರಲಿ ಅಂತಲೇ ಕೇಳ್ತೀನಿ. ನಂಗೆ ಬೇರೆ ಮಾತು ಬರಲ್ಲ."

ಸೊಸೆ ಏನೋ ಹೇಳಲು ಬಾಯಿ ತೆರೆದಳು. ಮಾತಿನ ಬದಲು ಒಂದು ಕೆಟ್ಟ ಸದ್ದು ಹೊರಬಂತು. ಜೋಮು ಹಿಡಿದ ಕಾಲಿಗೆ ಜೀವ ಬರುವಾಗ ಹೇಗೆ ಚುಚ್ಚುತ್ತದೆಯೋ ಹಾಗೆ ಎದೆಯೆಲ್ಲ ಚುಚ್ಚಿತು. ಆಸ್ಪತ್ರೆಯಿಂದ ಬಂದಮೇಲೆ ಮೊದಲ ಸಲ ಅವಳು ಅತ್ತಳು, ಮೂಗು ಸೋರುವಂತೆ, ಮೇಜಿಗೆ ಹಣೆ ಹಚ್ಚಿ. ಗಂಡ ಎದ್ದು ಬಂದು ಅವಳ ಬೆನ್ನ ಹಿಂದೆ ನಿಂತ. ಅವನಿಗೂ ತಡೆಯಲಾಗಲಿಲ್ಲ. "ತಲೆತುಂಬ ಕೂದಲಿತ್ತು ಕಣೇ" ಎಂದ. "ಕೇಳಿದ್ರೆ ಹೇಳೋಣ ಅಂತಿದ್ದೆ. ನೀನು ಕೇಳಲೇ ಇಲ್ಲ." ಮಾವನಿಗೆ ಈ ಮಾತುಗಳಲ್ಲಿ ಎಷ್ಟು ಕೇಳಿಸಿತೋ, ಅವರು ಸಾರಿನ ಪಾತ್ರೆಯ ಮುಚ್ಚಳ ಸರಿಮಾಡಿದರು.

ಅಳು ತಗ್ಗಿದ ಮೇಲೆ ಅತ್ತೆ ಇನ್ನೊಂದು ಸಲ ಹೇಳಿದರು, ಅದೇ ಮೂರು ಮಾತು. ಆಮೇಲೆ ಸರದಿ ಸೊಸೆಗೆ ಬಂತು. ಅವಳು ಕಣ್ಣು ಮುಚ್ಚಿದಳು.

"ದೇವರೇ, ನಿನ್ನ ಹತ್ರ ಮಾತಾಡೋಕೆ ನಂಗಿನ್ನೂ ಆಗ್ತಿಲ್ಲ. ಅತ್ತೆ ಕೇಳಿದ್ದೇ ನಂಗೂ ಬೇಕು."

ಅತ್ತು ಅತ್ತು ಧ್ವನಿ ಬಹಳ ಸಣ್ಣದಾಗಿತ್ತು. ಮಾವನಿಗೆ ಕೇಳಿಸಿರಲಿಲ್ಲ. ಯಾವತ್ತೂ ಅಕಾಲದಲ್ಲಿ ಬೀಳುವ ಆಮೆನ್ ಬೇಕಾದಾಗ ಬೀಳಲಿಲ್ಲ. ಸೊಸೆ ಸ್ವಲ್ಪ ಕಾದು, ಕಣ್ಣು ತೆರೆಯದೆಯೇ ಅವರ ಮೊಣಕೈಗೆ ತಿವಿದಳು.

"ಆಮೆನ್!" ಎಂದರು ಮಾವ, ಪಕ್ಕದ ಮನೆಗೂ ಕೇಳುವ ಹಾಗೆ.

ಬೆಳಿಗ್ಗೆ ಬ್ಯಾಗು ಬಾಗಿಲ ಪಕ್ಕದಲ್ಲೇ ಇತ್ತು. ಸೊಸೆ ಅದನ್ನು ದಾಟಿಕೊಂಡು, ಕೈಚೀಲ ಹಿಡಿದು ಮೂಲೆಯ ತರಕಾರಿ ಅಂಗಡಿಗೆ ಹೋದಳು. ಬರುವಾಗ ಗಂಡ ಬೀದಿಯಲ್ಲಿ ನಿಂತಿದ್ದ. "ಬಸ್ಸು?" ಎಂದ.

"ಮಧ್ಯಾಹ್ನ ಇನ್ನೊಂದಿದೆ" ಎಂದಳು. ಹೋಗುತ್ತೇನೆಂದಲ್ಲ, ಹೋಗುವುದಿಲ್ಲವೆಂದೂ ಅಲ್ಲ.

ಅತ್ತೆ ಹಿತ್ತಲ ಮೆಟ್ಟಿಲ ಮೇಲೆ ಕೂತಿದ್ದರು. ಸೊಸೆ ಚೀಲವನ್ನು ಅವರ ಮುಂದಿದ್ದ ಬೋಗುಣಿಗೆ ಸುರಿದಳು. ಹಸಿ ಬಟಾಣಿ, ಒಂದು ಕೇಜಿಗೂ ಮೇಲಿತ್ತು. ಅತ್ತೆ ಬೋಗುಣಿ ನೋಡಿದರು, ಸೊಸೆಯ ಮುಖ ನೋಡಿದರು, ಸರಿದು ಜಾಗ ಕೊಟ್ಟರು. ಇಬ್ಬರೂ ಸುಲಿಯತೊಡಗಿದರು. ಮಾವ ಬಂದು ನಾಲ್ಕು ಕಾಳು ಬಾಯಿಗೆ ಹಾಕಿಕೊಂಡರು. "ಸಿಹಿಯಾಗಿದೆ. ಎಷ್ಟು ದಿನ ಆಗಿತ್ತು ಇದನ್ನ ತಿಂದು!" ಎಂದು ಹೋದರು. ಯಾರೂ ಅವರ ಬಾಯಿ ಮುಚ್ಚಿಸಲಿಲ್ಲ.

ಒಂದು ಕಾಯಿಯ ತುದಿಯಲ್ಲಿ, ತುಂಬಿದ ಕಾಳುಗಳ ಪಕ್ಕ, ಬಲಿಯದ ಚುಕ್ಕೆಯಂಥ ಕಾಳೊಂದು ಅಂಟಿಕೊಂಡಿತ್ತು. ಅಂಥದ್ದನ್ನು ಸಿಪ್ಪೆಯ ಜೊತೆ ಎಸೆಯುವುದು ವಾಡಿಕೆ. ಸೊಸೆ ಅದನ್ನು ಉಗುರಿನ ತುದಿಯಿಂದ ಮೆಲ್ಲಗೆ ಬಿಡಿಸಿ, ಒಂದು ಗಳಿಗೆ ಅಂಗೈಯಲ್ಲಿಟ್ಟುಕೊಂಡು, ಉಳಿದವುಗಳ ಜೊತೆಗೆ ಹಾಕಿದಳು.